ಅಮೆರಿಕವನ್ನು ಕಟ್ಟಿದವರು ಕ್ರೈಸ್ತ ರಾಷ್ಟ್ರವನ್ನೇ ಕಟ್ಟಿದರಾ? ದಾಖಲೆ ಇಟ್ಟು ಮಾತಾಡೋಣ

ತುಂಗಾತೀರ:
2026ರ ಜುಲೈ 4ಕ್ಕೆ ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ 250 ವರ್ಷ. ಅದರ ನೆಪದಲ್ಲಿ ಕನ್ನಡ ಗುಂಪುಗಳಲ್ಲೂ ಎರಡು ಥರದ ಫಾರ್ವರ್ಡ್ ಓಡಾಡ್ತಿವೆ. ಒಂದರ ಪ್ರಕಾರ ವಾಷಿಂಗ್ಟನ್, ಜೆಫರ್ಸನ್, ಫ್ರಾಂಕ್ಲಿನ್ ಎಲ್ಲರೂ ಬೈಬಲ್ ಪಕ್ಕದಲ್ಲಿಟ್ಟುಕೊಂಡೇ ದೇಶ ಕಟ್ಟಿದರು. ಇನ್ನೊಂದರ ಪ್ರಕಾರ ಅಷ್ಟೂ ಜನ ನಾಸ್ತಿಕರು, ಚರ್ಚ್ ಕಂಡರೆ ಆಗದವರು. ಎರಡರ ಕೆಳಗೂ ಅವರ ಹೆಸರಿನ ಹೇಳಿಕೆಗಳ ಸಾಲು. ಯಾವುದು ಸರಿ? ಒಂದು ಹೇಳಿಕೆ ಅಸಲಿಯಾ ನಕಲಿಯಾ ಅಂತ ನೋಡೋದು ಹೇಗೆ? ಗೊತ್ತಿರೋರು ಇಸವಿ ಸಮೇತ ಹೇಳಿ. ನಮ್ಮ ರಾಜಕೀಯ ಇಲ್ಲಿಗೆ ಎಳೆಯಬೇಡಿ.

ಹಳೇಪತ್ರ:
ಎರಡು ಫಾರ್ವರ್ಡೂ ದಾಖಲೆ ಮುಂದೆ ನಿಲ್ಲಲ್ಲ. ಮೊದಲು ಮೂಲ ಪಠ್ಯ ನೋಡಿ. 1776ರ ಘೋಷಣೆಯಲ್ಲಿ ದೇವರ ಮಾತು ನಾಲ್ಕು ಕಡೆ ಬರುತ್ತೆ: ನಿಸರ್ಗದ ದೇವರು, ಸೃಷ್ಟಿಕರ್ತ, ಜಗತ್ತಿನ ಪರಮ ನ್ಯಾಯಾಧೀಶ, ದೈವದ ರಕ್ಷಣೆ. ಕೊನೆಯ ಎರಡು ಜೆಫರ್ಸನ್ ಕರಡಿನಲ್ಲಿ ಇರಲೇ ಇಲ್ಲ, ಕಾಂಗ್ರೆಸ್ (ಪ್ರತಿನಿಧಿಗಳ ಸಭೆ) ಕೂತು ತಿದ್ದುವಾಗ ಸೇರಿಸಿದ್ದು. ಯೇಸುವಿನ ಹೆಸರು, ಬೈಬಲ್ ವಚನ ಎಲ್ಲೂ ಇಲ್ಲ.

1787ರ ಸಂವಿಧಾನದಲ್ಲಿ ಅಷ್ಟೂ ಇಲ್ಲ. ಬದಲಿಗೆ 6ನೇ ವಿಧಿಯಲ್ಲಿ, ಒಕ್ಕೂಟದ ಯಾವ ಹುದ್ದೆಗೂ ಧಾರ್ಮಿಕ ಪರೀಕ್ಷೆ ಇಡಕೂಡದು ಅಂತ ಕಟ್ಟುನಿಟ್ಟಾಗಿ ಬರೆದಿದ್ದಾರೆ. ಅಧ್ಯಕ್ಷರ ಪ್ರಮಾಣವಚನದಲ್ಲೂ ದೇವರ ಹೆಸರಿಲ್ಲ. ಆಣೆ ಇಡಬಹುದು, ಇಲ್ಲವೇ ಬರೀ ದೃಢೀಕರಿಸಬಹುದು. ಕ್ವೇಕರ್ ಅನ್ನೋ ಕ್ರೈಸ್ತ ಪಂಥದವರು ಆಣೆ ಇಡೋದಿಲ್ಲ, ಅಂಥವರಿಗೂ ಹುದ್ದೆಯ ಬಾಗಿಲು ತೆರೆದಿರಲಿ ಅಂತ.

ಕರಾವಳಿಗಾಳಿ:
ಏನೂ ಇಲ್ಲ ಅಂದ್ರೆ ಹೇಗೆ ಮಾರಾಯ್ರೆ? ಅಧ್ಯಕ್ಷರು ಮಸೂದೆಗೆ ಸಹಿ ಹಾಕೋಕೆ 10 ದಿನದ ಗಡುವು, ಅದರಲ್ಲಿ ಭಾನುವಾರ ಲೆಕ್ಕಕ್ಕಿಲ್ಲ ಅಂತ 1ನೇ ವಿಧಿಯ 7ನೇ ವಿಭಾಗದಲ್ಲೇ ಉಂಟು. ಕೊನೆಗೆ ದಿನಾಂಕ ಹಾಕುವಾಗ 'ನಮ್ಮ ಪ್ರಭುವಿನ ವರ್ಷ' ಅಂತಲೇ ಉಂಟು. ಸರ್ಕಾರಿ ಧರ್ಮ ಬೇಡ ಅನ್ನುವ ಮೊದಲ ತಿದ್ದುಪಡಿ ಬರೆದ ಅದೇ 1789ರ ಕಾಂಗ್ರೆಸ್ಸು ಸರ್ಕಾರಿ ಸಂಬಳ ಕೊಟ್ಟು ಪ್ರಾರ್ಥನೆಗೆ ಪಾದ್ರಿಗಳನ್ನು ನೇಮಿಸಿತು, ಸಂಬಳ ವರ್ಷಕ್ಕೆ 500 ಡಾಲರ್. ದೇವರಿಗೆ ಕೃತಜ್ಞತೆ ಹೇಳುವ ದಿನ ಘೋಷಿಸಿ ಅಂತ ವಾಷಿಂಗ್ಟನ್ನರನ್ನು ಕೇಳಿದ್ದೂ ಅವರೇ, ಆ ದಿನ 1789ರ ನವೆಂಬರ್ 26. ಅವರ ಬದುಕಿನ ಹಾಸುಹೊಕ್ಕೇ ಕ್ರೈಸ್ತಧರ್ಮ. ಅದನ್ನು ಬಿಟ್ಟು ಪಠ್ಯ ಓದಿದ್ರೆ ಅರ್ಧ ಓದಿದ ಹಾಗೆ.

ಹಳೇಪತ್ರ:
ಭಾನುವಾರದ ಮಾತು ಗಟ್ಟಿ. ದಿನಾಂಕದ ಮಾತಿಗೆ ಅಷ್ಟು ತೂಕ ಕೊಡೋಕಾಗಲ್ಲ, ಆ ಕಾಲದ ಕ್ರಯಪತ್ರ, ಉಯಿಲು ಎಲ್ಲದರಲ್ಲೂ ಅದೇ ಒಕ್ಕಣೆ. ಇನ್ನು ಪಾದ್ರಿಗಳ ಸಂಬಳ: ಸಂವಿಧಾನದ ಮುಖ್ಯ ಶಿಲ್ಪಿ ಮ್ಯಾಡಿಸನ್ ಮುಂದೆ ತಮ್ಮ ಖಾಸಗಿ ಟಿಪ್ಪಣಿಗಳಲ್ಲಿ ಇದು ಸಂವಿಧಾನಕ್ಕೇ ವಿರುದ್ಧ ಅಂತ ವಾದಿಸಿದ್ದಾರೆ. ಅಂದ್ರೆ ಅವರವರಲ್ಲೇ ಜಗಳ ಇತ್ತು.

ಸಹ್ಯಾದ್ರಿ_ಓದು:
ನೀವಿಬ್ಬರೂ ಘೋಷಣೆ, ಸಂವಿಧಾನ ಬರೆದ ಫಿಲಡೆಲ್ಫಿಯಾ ಊರನ್ನು, ಅಂದ್ರೆ ಬರೀ ಕೇಂದ್ರವನ್ನು ನೋಡ್ತಿದ್ದೀರಿ. ಆಗ ಜನರ ಬದುಕನ್ನು ಆಳ್ತಿದ್ದದ್ದು ರಾಜ್ಯಗಳು. ಅಲ್ಲಿನ ಕಾನೂನು ನೋಡಿ:

1776ರ ಡೆಲವೇರ್: ಅಧಿಕಾರಕ್ಕೆ ಬರುವವನು ತಂದೆ, ಮಗ, ಪವಿತ್ರಾತ್ಮದಲ್ಲಿ ನಂಬಿಕೆ ಇದೆ ಅಂತ ಘೋಷಿಸಬೇಕಿತ್ತು. ಮೇರಿಲ್ಯಾಂಡ್: ಕ್ರೈಸ್ತಧರ್ಮದಲ್ಲಿ ನಂಬಿಕೆಯ ಘೋಷಣೆ ಬೇಕು, ಯಹೂದಿಗಳಿಗೆ 1826ರವರೆಗೆ ಹುದ್ದೆ ಇಲ್ಲ. ದಕ್ಷಿಣ ಕ್ಯಾರೊಲಿನಾ 1778ರಲ್ಲಿ ಪ್ರೊಟೆಸ್ಟೆಂಟ್ ಧರ್ಮವೇ ರಾಜ್ಯದ ಧರ್ಮ ಅಂತ ಬರೆದುಕೊಂಡಿತು. ಚರ್ಚಿಗೆ ತೆರಿಗೆ ಕಟ್ಟಿಸುವ ಪದ್ಧತಿ ಕನೆಕ್ಟಿಕಟ್‌ನಲ್ಲಿ 1818ರವರೆಗೆ, ಮ್ಯಾಸಚೂಸೆಟ್ಸ್‌ನಲ್ಲಿ 1833ರವರೆಗೆ ಇತ್ತು.

ಮೊದಲ ತಿದ್ದುಪಡಿ 1791ರಲ್ಲಿ ಜಾರಿಗೆ ಬಂದರೂ ಅದು ಕಟ್ಟಿಹಾಕಿದ್ದು ಕಾಂಗ್ರೆಸ್ಸನ್ನು ಮಾತ್ರ. ಸರ್ಕಾರಿ ಧರ್ಮ ಬೇಡ ಅನ್ನೋ ಭಾಗ ರಾಜ್ಯಗಳಿಗೂ ಅನ್ವಯ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 1947ರ ಎವರ್ಸನ್ ಪ್ರಕರಣದಲ್ಲಿ.

ಬೆಂಗ್ಳೂರ್_ಗುರು:
ಹಂಗಾದ್ರೆ ಕೇಂದ್ರ ಸೆಕ್ಯುಲರ್, ರಾಜ್ಯಗಳು ಕ್ರಿಶ್ಚಿಯನ್. ಮುಗೀತಲ್ಲ?

ಸಹ್ಯಾದ್ರಿ_ಓದು:
ಮುಗಿಯಲ್ಲ. ರೋಡ್ ಐಲ್ಯಾಂಡ್, ಪೆನ್ಸಿಲ್ವೇನಿಯಾಗಳಲ್ಲಿ ಸರ್ಕಾರಿ ಚರ್ಚ್ ಅನ್ನೋದೇ ಇರಲಿಲ್ಲ. ರೋಡ್ ಐಲ್ಯಾಂಡ್‌ಗೆ ಬುನಾದಿ ಹಾಕಿದ ರೋಜರ್ ವಿಲಿಯಮ್ಸ್ ಸ್ವತಃ ಪಾದ್ರಿ. ಮ್ಯಾಸಚೂಸೆಟ್ಸ್‌ನ ಪ್ಯೂರಿಟನ್ ಪಂಥದವರು ಗಡೀಪಾರು ಮಾಡಿದ ಮೇಲೆ 1636ರಲ್ಲಿ ಪ್ರಾವಿಡೆನ್ಸ್ ಊರು ಕಟ್ಟಿದವರು. ಸರ್ಕಾರ ಕೈ ಹಾಕಿದರೆ ಧರ್ಮವೇ ಕೊಳೆಯುತ್ತೆ ಅನ್ನೋದು ಅವರ ವಾದ. ಅತ್ತ ಬಾಸ್ಟನ್‌ನಲ್ಲಿ 1659ರಿಂದ 1661ರೊಳಗೆ ನಾಲ್ವರು ಕ್ವೇಕರ್‌ಗಳನ್ನು ಗಲ್ಲಿಗೇರಿಸಿದರು, ಅವರಲ್ಲಿ ಮೇರಿ ಡೈಯರ್ ಅನ್ನೋ ಹೆಂಗಸೂ ಒಬ್ಬರು. ಎರಡೂ ಕ್ರೈಸ್ತ ಪರಂಪರೆಯೇ. ಯಾವ ಪರಂಪರೆ ಅಂತ ಮೊದಲು ಕೇಳಬೇಕು.

ಧಾರವಾಡದಾಂವ:
ವರ್ಜೀನಿಯಾದ ಕಥಿ ಬಿಟ್ಟರ ಇದು ತಿಳಿಯಂಗಿಲ್ಲ. ಜೆಫರ್ಸನ್, ಮ್ಯಾಡಿಸನ್, ವಾಷಿಂಗ್ಟನ್, ಪ್ಯಾಟ್ರಿಕ್ ಹೆನ್ರಿ ಎಲ್ಲಾರೂ ಅಲ್ಲಿಯವರು. ಅಲ್ಲಿ ಆಂಗ್ಲಿಕನ್ ಚರ್ಚೇ ಸರ್ಕಾರಿ ಚರ್ಚು. ಪಾದ್ರಿ ಪಗಾರ ರೊಕ್ಕದಾಗ ಅಲ್ಲ, ತಂಬಾಕಿನ್ಯಾಗ: ವರ್ಷಕ್ಕ 16,000 ಪೌಂಡ್, ಅಂದ್ರ ಹತ್ತಹತ್ರ 7,250 ಕಿಲೊ. ಚರ್ಚಿಗೆ ಹೋಗಲಿ ಬಿಡಲಿ, ಎಲ್ಲಾರೂ ಕೊಡಬೇಕು.

1758ರಾಗ ಮಳಿ ಕೈಕೊಟ್ಟು ಬೆಳಿ ಹೋತು. ತಂಬಾಕಿನ ಧಾರಣಿ ಪೌಂಡಿಗೆ ಎರಡು ಪೆನ್ಸ್ ಇದ್ದದ್ದು ಮೂರು ಪಟ್ಟು ಏರಿತು. ಶಾಸನಸಭೆಯವರು ಪಾದ್ರಿಗೋಳಿಗೆ ಹಳೇ ಧಾರಣಿ ಪ್ರಕಾರ ಪೌಂಡಿಗೆ ಎರಡೇ ಪೆನ್ಸ್ ರೊಕ್ಕ ಕೊಟ್ಟರ ಸಾಕು ಅಂತ ಕಾಯ್ದೆ ಮಾಡಿದರು. ಪಾದ್ರಿಗೋಳು ಲಂಡನ್‌ತನಕ ಹೋಗಿ ರಾಜನ ಕಡೆಯಿಂದ ಅದನ್ನ ರದ್ದು ಮಾಡಿಸಿದರು. ಆಮ್ಯಾಲೆ ಜೇಮ್ಸ್ ಮೋರಿ ಅನ್ನೋ ಪಾದ್ರಿ ಬಾಕಿ ಕೊಡ್ರಿ ಅಂತ ಹ್ಯಾನೋವರ್ ಕೌಂಟಿ ಕೋರ್ಟಿನ್ಯಾಗ ದಾವೆ ಹೂಡಿದ, ಗೆದ್ದ. ಪರಿಹಾರ ಎಷ್ಟು ಅನ್ನೋದಷ್ಟ ಜೂರಿ ಮುಂದ ಉಳಿದಿತ್ತು. 1763ರ ಡಿಸೆಂಬರ್‌ದಾಗ ವಕೀಲ ಪ್ಯಾಟ್ರಿಕ್ ಹೆನ್ರಿ ಪಾದ್ರಿಗೆ ಎದುರಾಗಿ ಎದ್ದು ನಿಂತು ವಾದ ಮಾಡಿದ: ಜನರ ಒಳ್ಳೇದಕ್ಕ ಮಾಡಿದ ಕಾಯ್ದೆ ರದ್ದು ಮಾಡೋ ರಾಜ ರಾಜನಲ್ಲ, ದಬ್ಬಾಳಿಕಿ ಮಾಡಾಂವ. ಜೂರಿ ಪಾದ್ರಿಗೆ ಕೊಟ್ಟದ್ದು ಒಂದೇ ಒಂದು ಪೆನ್ನಿ.

ಸ್ವಾತಂತ್ರ್ಯದ ಸಿಟ್ಟು ಚಹಾದ ಮ್ಯಾಲಿನ ತೆರಿಗಿಯಿಂದ ಶುರು ಆತು ಅಂತ ಎಲ್ಲಾರೂ ಹೇಳ್ತಾರ. ವರ್ಜೀನಿಯಾದಾಗ ಪಾದ್ರಿ ಪಗಾರದಿಂದ್ಲೂ ಶುರು ಆಗಿತ್ತು.

ಮಲ್ಲಿಗೆಮೊಗ್ಗು:
ಧಾರವಾಡದವರ ಮಾತಿಗೆ ಸೇರಿಸ್ತೀನಿ. ಅದೇ ವರ್ಜೀನಿಯಾದಲ್ಲಿ ಸರ್ಕಾರಿ ಚರ್ಚಿಗೆ ಸೇರದ ಬ್ಯಾಪ್ಟಿಸ್ಟ್ ಪಂಥದ ಬೋಧಕರು ಲೈಸೆನ್ಸ್ ಇಲ್ಲದೆ ಬೋಧಿಸಿದರೆ ಶಾಂತಿಭಂಗದ ಕೇಸು ಹಾಕಿ ಜೈಲಿಗೆ ತಳ್ತಿದ್ದರು. ಕಲ್ಪೆಪರ್ ಜೈಲಿನಲ್ಲಿ ಜೇಮ್ಸ್ ಐರ್ಲೆಂಡ್ ಅನ್ನೋ ಬೋಧಕ ಕಂಬಿಯ ಸಂದಿಯಿಂದಲೇ ಹೊರಗೆ ನಿಂತ ಜನಕ್ಕೆ ಬೋಧನೆ ಮಾಡ್ತಿದ್ದ. ಅದನ್ನು ನಿಲ್ಲಿಸೋಕೆ ವಿರೋಧಿಗಳು ಗಂಧಕ ಮತ್ತು ಮೆಣಸಿನಕಾಯಿ ಸುಟ್ಟು ಕೋಣೆಯೊಳಗೆ ಘಾಟು ಬಿಟ್ಟರು. ಮುಚ್ಚಿದ ಕೋಣೆಯಲ್ಲಿ ಮೆಣಸಿನಕಾಯಿ ಹೊಗೆ ಅಂದ್ರೆ ಏನು ಅಂತ ನಮ್ಮ ಅಡುಗೆಮನೆ ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ. ಬಾಗಿಲ ಸಂದಿಗೆ ಮೂಗು ಒಡ್ಡಿ ಉಸಿರಾಡಿ ಆತ ಉಳಿದುಕೊಂಡ.

1774ರ ಜನವರಿಯಲ್ಲಿ 22 ವರ್ಷದ ಮ್ಯಾಡಿಸನ್ ಗೆಳೆಯ ಬ್ರಾಡ್‌ಫರ್ಡ್‌ಗೆ ಬರೆದ ಪತ್ರದಲ್ಲಿ, ಪಕ್ಕದ ಕೌಂಟಿಯಲ್ಲಿ ಐದಾರು ಸಜ್ಜನರು ನಂಬಿಕೆಯ ಕಾರಣಕ್ಕೆ ಜೈಲಿನಲ್ಲಿದ್ದಾರೆ ಅಂತ ಕುದಿದಿದ್ದಾರೆ. ಮ್ಯಾಡಿಸನ್ನರ ಧಾರ್ಮಿಕ ಸ್ವಾತಂತ್ರ್ಯದ ಮೂಲ ಇಲ್ಲಿದೆ. ಕ್ರೈಸ್ತರನ್ನು ಕ್ರೈಸ್ತ ಸರ್ಕಾರವೇ ಜೈಲಿಗೆ ಹಾಕ್ತಿತ್ತು ಅನ್ನೋದನ್ನ ಎರಡೂ ಫಾರ್ವರ್ಡ್ ಹೇಳೋದಿಲ್ಲ.

ಹಳೇಪತ್ರ:
ಮುಂದಿನ ಕಂತೂ ಕೇಳಿ. 1784ರಲ್ಲಿ ಅದೇ ಪ್ಯಾಟ್ರಿಕ್ ಹೆನ್ರಿ ಕ್ರೈಸ್ತ ಬೋಧಕರಿಗೆ ತೆರಿಗೆ ಹಣ ಕೊಡುವ ಮಸೂದೆ ತಂದರು. ಒಂದೇ ಚರ್ಚಿಗೆ ಅಂತಲ್ಲ, ತೆರಿಗೆ ಕಟ್ಟುವವನೇ ತನ್ನ ಪಂಥ ಆರಿಸಿಕೊಳ್ಳಬಹುದು. ಕೇಳೋಕೆ ನ್ಯಾಯವಾಗೇ ಇದೆ, ವಾಷಿಂಗ್ಟನ್ ಕೂಡ ತತ್ತ್ವಕ್ಕೆ ತಕರಾರಿಲ್ಲ ಅಂದಿದ್ದರು. ಮ್ಯಾಡಿಸನ್ ಮೊದಲು ಮಾಡಿದ್ದು ಮುಂದೂಡಿಸುವ ಕೆಲಸ. ಅಷ್ಟರಲ್ಲಿ ಹೆನ್ರಿ ಗವರ್ನರ್ ಆಗಿ ಸಭೆಯಿಂದ ಹೊರಗೆ ಹೋದರು, ಮಸೂದೆ ತನ್ನ ದೊಡ್ಡ ಭಾಷಣಕಾರನನ್ನೇ ಕಳಕೊಂಡಿತು. 1785ರ ಬೇಸಿಗೆಯಲ್ಲಿ ಮ್ಯಾಡಿಸನ್ ಹೆಸರು ಹಾಕದೆ 15 ಅಂಶಗಳ ಮನವಿಪತ್ರ ಬರೆದು ಸಹಿಗೆ ಹಂಚಿದರು. ಇವತ್ತು ಮೂರು ಪೆನ್ಸ್ ಬಲವಂತವಾಗಿ ಕೀಳುವ ಅಧಿಕಾರ ನಾಳೆ ಇಡೀ ಧರ್ಮವನ್ನೇ ಹೇರಬಹುದು ಅನ್ನೋದು ಅದರ ತಿರುಳು.

ಪಾಠಪುಸ್ತಕ ಬಿಡುವ ವಿಷಯ ಇದು: ಮ್ಯಾಡಿಸನ್ ಮನವಿಗೆ ಬಂದ ಸಹಿ ಸುಮಾರು 1,500. ಈ ಮಸೂದೆ ಸುವಾರ್ತೆಯ ಆತ್ಮಕ್ಕೇ ವಿರುದ್ಧ ಅಂತ ಭಕ್ತ ಕ್ರೈಸ್ತರು ಬರೆದ ಇನ್ನೊಂದು ಅರ್ಜಿಗೆ ಅದರ ಮೂರು ಪಟ್ಟು ಸಹಿ ಬಿತ್ತು. ಮಸೂದೆ ಸತ್ತಿತು. ಆ ಗಾಳಿಯಲ್ಲೇ ಜೆಫರ್ಸನ್ 1777ರಲ್ಲಿ ಬರೆದಿಟ್ಟಿದ್ದ ಧಾರ್ಮಿಕ ಸ್ವಾತಂತ್ರ್ಯದ ಮಸೂದೆ 1786ರ ಜನವರಿ 16ಕ್ಕೆ ಪಾಸಾಯಿತು. ಜೆಫರ್ಸನ್ ಆಗ ಪ್ಯಾರಿಸ್‌ನಲ್ಲಿ, ಸದನದಲ್ಲಿ ದುಡಿದವರು ಮ್ಯಾಡಿಸನ್.

ತುಂಗಾತೀರ:
ಆ ಮಸೂದೆ ಚರ್ಚೆಯಲ್ಲಿ ಹಿಂದೂಗಳ ಹೆಸರು ಬಂದಿತ್ತು ಅಂತ ಎಲ್ಲೋ ಓದಿದ ನೆನಪು. ನಿಜವಾ?

ಹಳೇಪತ್ರ:
ಚರ್ಚೆಯಲ್ಲಿ ಅಲ್ಲ. ಪೀಠಿಕೆಯಲ್ಲಿ 'ನಮ್ಮ ಧರ್ಮದ ಪವಿತ್ರ ಕರ್ತೃ' ಅಂತಿತ್ತು. ಅಲ್ಲಿ ಯೇಸು ಕ್ರಿಸ್ತನ ಹೆಸರು ಸೇರಿಸಿ ಅಂತ ತಿದ್ದುಪಡಿ ಬಂತು, ಬಹುಮತದಿಂದ ಬಿದ್ದುಹೋಯಿತು. 1821ರಲ್ಲಿ ಆತ್ಮಕಥನದ ಟಿಪ್ಪಣಿ ಬರೆಯುವಾಗ ಜೆಫರ್ಸನ್ ಇದನ್ನು ನೆನೆದು, ಯಹೂದಿ, ಅನ್ಯಜನ, ಕ್ರೈಸ್ತ, ಮಹಮ್ಮದೀಯ, ಹಿಂದೂ, ನಂಬಿಕೆಯೇ ಇಲ್ಲದವನು ಎಲ್ಲರಿಗೂ ಈ ಕಾನೂನಿನ ರಕ್ಷಣೆ ಸಿಗಲಿ ಅನ್ನೋದೇ ಸದನದ ಉದ್ದೇಶ ಅಂತ ಬರೆದರು.

ಕರಾವಳಿಗಾಳಿ:
ಇದೇ ಥರದ್ದು ನಮ್ಮಲ್ಲೂ ಆಗಿತ್ತು. 1949ರ ಅಕ್ಟೋಬರ್ 17ರಂದು ಸಂವಿಧಾನ ಸಭೆಯಲ್ಲಿ ನಮ್ಮ ಮಂಗಳೂರಲ್ಲಿ ಹುಟ್ಟಿದ ಎಚ್. ವಿ. ಕಾಮತರು ಪ್ರಸ್ತಾವನೆಯನ್ನು 'ದೇವರ ಹೆಸರಿನಲ್ಲಿ' ಅಂತ ಶುರು ಮಾಡಿ ಅಂದರು. ಮತಕ್ಕೆ ಹಾಕಿದಾಗ ಪರ 41, ವಿರೋಧ 68. ವಿರೋಧಿಸಿದವರೆಲ್ಲ ದೇವರನ್ನು ನಂಬದವರು ಅಂತ ಹೇಳ್ಲಿಕ್ಕೆ ಆಗ್ತದಾ? ಎಚ್. ಎನ್. ಕುಂಜ್ರು ಅಂಥವರು ಹೇಳಿದ್ದು, ನಂಬಿಕೆಯ ವಿಷಯದಲ್ಲಿ ಯಾರ ಮೇಲೂ ಒತ್ತಾಯ ಬೇಡ ಅಂತ.

ತುಂಗಾತೀರ:
ಚೆನ್ನಾಗಿದೆ, ಆದ್ರೆ ಭಾರತದ ಮಾತು ಇಲ್ಲಿಗೆ ಸಾಕು.

ಬೆಂಗ್ಳೂರ್_ಗುರು:
ಉತ್ತರ ಆಫ್ರಿಕಾದ ಟ್ರಿಪೋಲಿ ಜೊತೆ ಅಮೆರಿಕ ಮಾಡಿಕೊಂಡ ಒಪ್ಪಂದ ಯಾರೂ ಹೇಳಲೇ ಇಲ್ವಲ್ಲ. 'ಅಮೆರಿಕ ಸರ್ಕಾರ ಯಾವ ಅರ್ಥದಲ್ಲೂ ಕ್ರೈಸ್ತಧರ್ಮದ ಮೇಲೆ ಸ್ಥಾಪಿತವಾಗಿಲ್ಲ' ಅಂತ ಅವರೇ ಸಹಿ ಹಾಕಿ ಕೊಟ್ಟಿದ್ದಾರೆ. ಕೇಸ್ ಕ್ಲೋಸ್.

ಸಹ್ಯಾದ್ರಿ_ಓದು:
ಅಷ್ಟು ಸಲೀಸಲ್ಲ ಗುರು. ಆ ಸಾಲು ಇರೋದು ಒಪ್ಪಂದದ 11ನೇ ವಿಧಿಯಲ್ಲಿ. ಸೆನೆಟ್ ಅದನ್ನು 1797ರ ಜೂನ್ 7ರಂದು ಸರ್ವಾನುಮತದಿಂದ ಒಪ್ಪಿತು, ಜಾನ್ ಆಡಮ್ಸ್ ಸಹಿ ಹಾಕಿದರು, ಪತ್ರಿಕೆಗಳಲ್ಲಿ ಅಚ್ಚಾಯಿತು. ಇಷ್ಟು ನಿಜ. ಆದರೆ ಮೂಲ ಅರಬ್ಬಿ ಪ್ರತಿಯಲ್ಲಿ 11ನೇ ವಿಧಿ ಇಲ್ಲ, ಆ ಜಾಗದಲ್ಲಿ ಸಂಬಂಧವೇ ಇಲ್ಲದ ಒಂದು ಪತ್ರ ಇದೆ. 1805ರ ಹೊಸ ಒಪ್ಪಂದದಲ್ಲಿ ಆ ಸಾಲನ್ನು ಕೈಬಿಟ್ಟರು. ಒಪ್ಪಂದದ ಉದ್ದೇಶವೂ ಕಡಲ್ಗಳ್ಳತನ ತಪ್ಪಿಸೋದು, ನಿಮ್ಮ ಮೇಲೆ ನಮಗೆ ಮತದ್ವೇಷ ಇಲ್ಲ ಅಂತ ಭರವಸೆ ಕೊಡೋದು. ಸೆನೆಟ್ ಓದಿ ಒಪ್ಪಿದ್ದು ಇಂಗ್ಲಿಷ್ ಪಠ್ಯ, ಹಾಗಾಗಿ ಪುರಾವೆಯಾಗಿ ಅದಕ್ಕೆ ಬೆಲೆ ಇದೆ. ಅದೊಂದರಿಂದಲೇ ಕೇಸ್ ಮುಗಿಸೋಕಾಗಲ್ಲ.

ಧಾರವಾಡದಾಂವ:
ಜೆಫರ್ಸನ್ ಬೈಬಲ್ ಕತ್ತರಿಸಿದ್ದು ನಿಜ ಏನು ಅಂತ ಕೇಳಾವ್ರಿಗೆ: ನಿಜ. 1820ರ ಹೊತ್ತಿಗೆ, 77ನೇ ವಯಸ್ಸಿನ್ಯಾಗ ಮುಗಿಸಿದ. ಗ್ರೀಕ್, ಲ್ಯಾಟಿನ್, ಫ್ರೆಂಚ್, ಇಂಗ್ಲಿಷ್ ನಾಲ್ಕು ಭಾಷಾದ ಹೊಸ ಒಡಂಬಡಿಕೆ ತಗೊಂಡು, ಬೇಕಾದ ವಚನ ಹರಿತ ಅಲಗಿನಿಂದ ಕೊಯ್ದು, ಖಾಲಿ ಹಾಳಿ ಮ್ಯಾಲೆ ನಾಲ್ಕು ಸಾಲಿನ್ಯಾಗ ಅಂಟಿಸಿದ. ಹಾಳಿಯ ಒಂದು ಮಗ್ಗಲ ಕೊಯ್ದರ ಹಿಂದಿನ ಮಗ್ಗಲದ ವಚನ ಹಾಳಾಗತೈತಿ, ಅದಕ್ಕ ಪ್ರತಿಯೊಂದರದ್ದೂ ಎರಡೆರಡು ಪ್ರತಿ ಬೇಕಾತು. ಪವಾಡ ಇಲ್ಲ, ಪುನರುತ್ಥಾನ ಇಲ್ಲ. ಗೋರಿ ಬಾಗಿಲಿಗೆ ಕಲ್ಲು ಉರುಳಿಸಿ ಎಲ್ಲಾರೂ ಹೊಂಟುಹೋದರು ಅನ್ನೋದಕ್ಕ ಪುಸ್ತಕ ಮುಗೀತು.

ಅಂಟು ಹಚ್ಚಿದ ಹಾಳಿ ಬಿರುಸು, ಬೈಂಡಿಂಗು ಬಿಗಿ, ಹಿಂಗಾಗಿ ತೆಗೆದಾಗೊಮ್ಮೆ ಹಾಳಿ ಬಿರಿಯಾಕ ಹತ್ತಿದ್ದವು. 2011ರಾಗ ಸ್ಮಿತ್‌ಸೋನಿಯನ್ ಸಂಸ್ಥೆಯವರು ಹೊಲಿಗಿ ಬಿಚ್ಚಿ ಸರಿ ಮಾಡಿದರು. 1904ರಾಗ ಕಾಂಗ್ರೆಸ್ಸೇ ಇದನ್ನ 9,000 ಪ್ರತಿ ಅಚ್ಚು ಹಾಕಿಸಿತ್ತು.

ಕರಾವಳಿಗಾಳಿ:
ಅದೇ ಜೆಫರ್ಸನ್ 1816ರ ಪತ್ರದಲ್ಲಿ ಚಾರ್ಲ್ಸ್ ಥಾಮ್ಸನ್‌ಗೆ, 'ನಾನು ನಿಜವಾದ ಕ್ರೈಸ್ತ, ಅಂದರೆ ಯೇಸುವಿನ ಬೋಧನೆಗಳ ಶಿಷ್ಯ' ಅಂತ ಬರೆದಿದ್ದಾರೆ. ಅವರನ್ನು ನಾಸ್ತಿಕ ಅಂತ ಕರೆದದ್ದು 1800ರ ಚುನಾವಣೆಯ ವಿರೋಧಿಗಳು. ಇನ್ನೊಂದು, ಎಲ್ಲದಕ್ಕೂ ಜೆಫರ್ಸನ್ ಒಬ್ಬರನ್ನೇ ಹಿಡಿದರೆ ಹೇಗೆ? ಘೋಷಣೆಗೆ ಸಹಿ ಹಾಕಿದವರು 56 ಮಂದಿ. ವಿದರ್‌ಸ್ಪೂನ್ ಪ್ರೆಸ್ಬಿಟೇರಿಯನ್ ಪಾದ್ರಿ, ಪ್ರಿನ್ಸ್‌ಟನ್‌ನಲ್ಲಿ ಮ್ಯಾಡಿಸನ್ನರ ಗುರು. ಚಾರ್ಲ್ಸ್ ಕ್ಯಾರಲ್ ಕ್ಯಾಥೊಲಿಕ್, 1832ರಲ್ಲಿ ತೀರಿಕೊಂಡ ಕೊನೆಯ ಸಹಿದಾರ. ರೋಜರ್ ಶೆರ್ಮನ್, ಸ್ಯಾಮ್ಯುಯೆಲ್ ಆಡಮ್ಸ್ ಕಟ್ಟಾ ಭಕ್ತರು. ಇವರನ್ನೆಲ್ಲ ಲೆಕ್ಕಕ್ಕೆ ತಗೊಳ್ಳದೆ 'ಸ್ಥಾಪಕರು' ಅಂತ ಹೇಳುವುದು ಸರಿಯಲ್ಲ.

ಮಲ್ಲಿಗೆಮೊಗ್ಗು:
ಪೂರ್ತಿ ಒಪ್ತೀನಿ.

ತುಂಗಾತೀರ:
ನನ್ನ ಎರಡನೇ ಪ್ರಶ್ನೆ ಹಾಗೇ ಉಳೀತು. ಹೇಳಿಕೆ ಪರೀಕ್ಷೆ ಮಾಡೋದು ಹೇಗೆ?

ಹಳೇಪತ್ರ:
ಅಮೆರಿಕದ ರಾಷ್ಟ್ರೀಯ ಪತ್ರಾಗಾರದ 'ಫೌಂಡರ್ಸ್ ಆನ್‌ಲೈನ್' ಅಂತ ಜಾಲತಾಣ ಇದೆ, ಉಚಿತ. ವಾಷಿಂಗ್ಟನ್, ಫ್ರಾಂಕ್ಲಿನ್, ಆಡಮ್ಸ್, ಜೆಫರ್ಸನ್, ಹ್ಯಾಮಿಲ್ಟನ್, ಮ್ಯಾಡಿಸನ್ ಮುಂತಾದವರ 1.8 ಲಕ್ಷಕ್ಕೂ ಹೆಚ್ಚು ಕಾಗದಪತ್ರ ಅಲ್ಲಿವೆ. ಇಡೀ ವಾಕ್ಯ ಹಾಕಿ ಹುಡುಕಬೇಡಿ. ಆಗ ಕಾಗುಣಿತ ಒಬ್ಬೊಬ್ಬರದು ಒಂದೊಂದು ಥರ, ಒಂದು ಅಕ್ಷರ ಆಚೀಚೆ ಆದರೂ ಸಿಗಲ್ಲ. ಮೂರ್ನಾಲ್ಕು ಪದದ ತುಣುಕನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ, ಬರೆದವರ ಹೆಸರಿನಿಂದ ಸೋಸಿ. ಸಿಕ್ಕರೆ ಹಿಂದಿನ ಮುಂದಿನ ಪ್ಯಾರಾ ಓದಿ, ಆಮೇಲೆ ಸಂಪಾದಕರ ಟಿಪ್ಪಣಿ ನೋಡಿ.

ಟಿಪ್ಪಣಿ ಯಾಕೆ ಮುಖ್ಯ ಅಂದ್ರೆ: 1779ರ ಮೇ ತಿಂಗಳಲ್ಲಿ ವಾಷಿಂಗ್ಟನ್ ಡೆಲವೇರ್ ಬುಡಕಟ್ಟಿನ ಮುಖಂಡರಿಗೆ 'ಯೇಸು ಕ್ರಿಸ್ತನ ಧರ್ಮ' ಕಲಿಯಿರಿ ಅಂದದ್ದು ಅಸಲಿ ದಾಖಲೆ. ಆದರೆ ಕರಡು ಸಹಾಯಕ ಅಧಿಕಾರಿಯ ಕೈಬರಹದಲ್ಲಿದೆ. ವಾಷಿಂಗ್ಟನ್ ಸ್ವತಃ ಬರೆಯುವಾಗ ಬಳಸೋದು ಹೆಚ್ಚಾಗಿ 'ದೈವ' ಅನ್ನೋ ಮಾತು.

ಇನ್ನೊಂದು ಎಡವಟ್ಟು: ಪ್ಯಾಟ್ರಿಕ್ ಹೆನ್ರಿಯ ಸಂಗ್ರಹ ಅಲ್ಲಿಲ್ಲ, ಆದ್ದರಿಂದ ಅಲ್ಲಿ ಸಿಗಲಿಲ್ಲ ಅಂತ ಸುಳ್ಳು ಅನ್ನೋಹಾಗಿಲ್ಲ. ಅವರ ಹೆಸರಲ್ಲಿ ಓಡಾಡುವ 'ಈ ದೇಶ ಕಟ್ಟಿದ್ದು ಕ್ರೈಸ್ತರು, ಯೇಸುವಿನ ಸುವಾರ್ತೆಯ ಮೇಲೆ' ಅನ್ನೋ ಸಾಲು ನಕಲಿ ಅಂತ ಗೊತ್ತಾದದ್ದು ಬೇರೆ ದಾರಿಯಿಂದ: ಅದು 1956ರ ಒಂದು ಪತ್ರಿಕೆಯ ಲೇಖಕರ ಸ್ವಂತ ಮಾತು. ದೇವರು, ಬೈಬಲ್ ಇಲ್ಲದೆ ಜಗತ್ತನ್ನು ಆಳೋಕಾಗಲ್ಲ ಅಂತ ವಾಷಿಂಗ್ಟನ್ ಹೆಸರಲ್ಲಿ ಬರೋದಕ್ಕೂ, ಹತ್ತು ಆಜ್ಞೆಗಳ ಬಗ್ಗೆ ಮ್ಯಾಡಿಸನ್ ಹೆಸರಲ್ಲಿ ಬರೋದಕ್ಕೂ ಅವರ ಕಾಗದಪತ್ರಗಳಲ್ಲಿ ಆಧಾರ ಇಲ್ಲ.

ಸಹ್ಯಾದ್ರಿ_ಓದು:
ಹೇಳಿಕೆ ಮಾತ್ರ ಅಲ್ಲ, ಘಟನೆಗಳನ್ನೂ ಹೀಗೇ ನೋಡಬೇಕು. 1787ರ ಜೂನ್ 28ರಂದು ಸಂವಿಧಾನ ರಚನಾ ಸಭೆ ಕಗ್ಗಂಟಾದಾಗ, ದಿನಾ ಪ್ರಾರ್ಥನೆಯಿಂದ ಶುರು ಮಾಡೋಣ ಅಂತ ಫ್ರಾಂಕ್ಲಿನ್ ಸೂಚಿಸಿದ್ದು ನಿಜ. ಆಮೇಲೆ ಎಲ್ಲರೂ ಮೊಣಕಾಲೂರಿದರು, ಕಗ್ಗಂಟು ಬಿಡಿಸಿಕೊಂಡಿತು ಅನ್ನೋದು ಕಟ್ಟುಕಥೆ. ಪಾದ್ರಿಗೆ ಕೊಡೋಕೆ ದುಡ್ಡಿಲ್ಲ ಅಂತ ಒಬ್ಬ ಸದಸ್ಯರು ಅಂದರು, ಸೂಚನೆ ಮತಕ್ಕೇ ಬರಲಿಲ್ಲ. ಮೂರ್ನಾಲ್ಕು ಜನ ಬಿಟ್ಟರೆ ಉಳಿದವರಿಗೆ ಪ್ರಾರ್ಥನೆ ಬೇಕು ಅನಿಸಲಿಲ್ಲ ಅಂತ ಫ್ರಾಂಕ್ಲಿನ್ನರೇ ತಮ್ಮ ಪ್ರತಿಯ ಮೇಲೆ ಗುರುತು ಹಾಕಿಕೊಂಡಿದ್ದಾರೆ.

ಕಾಂಗ್ರೆಸ್ಸೇ ಬೈಬಲ್ ಅಚ್ಚು ಹಾಕಿಸಿತು ಅನ್ನೋದೂ ಹೀಗೇ. ಯುದ್ಧದಿಂದ ಇಂಗ್ಲೆಂಡಿನ ಬೈಬಲ್ ಬರೋದು ನಿಂತಿತ್ತು. ಫಿಲಡೆಲ್ಫಿಯಾದ ಮುದ್ರಕ ರಾಬರ್ಟ್ ಏಟ್‌ಕೆನ್ ಸ್ವಂತ ಬಂಡವಾಳ ಹಾಕಿ 10,000 ಪ್ರತಿ ಮುದ್ರಿಸಿದರು. ಕಾಂಗ್ರೆಸ್ 1782ರ ಸೆಪ್ಟೆಂಬರ್ 12ರಂದು ಶಿಫಾರಸು ಕೊಟ್ಟಿತು, ದುಡ್ಡು ಕೊಡಲಿಲ್ಲ. ಶಾಂತಿ ಆದ ಮೇಲೆ ಅಗ್ಗದ ಬ್ರಿಟಿಷ್ ಪ್ರತಿಗಳು ಮತ್ತೆ ಬಂದು ಏಟ್‌ಕೆನ್ ನಷ್ಟಕ್ಕೆ ಬಿದ್ದರು.

ಬೆಂಗ್ಳೂರ್_ಗುರು:
ಆ 'ಗೋಡೆ' ಮಾತು? ಚರ್ಚ್ ಮತ್ತು ಸರ್ಕಾರದ ಮಧ್ಯೆ ಗೋಡೆ ಅಂತ ಸಂವಿಧಾನದಲ್ಲೇ ಇದೆ ಅಲ್ವಾ?

ಮಲ್ಲಿಗೆಮೊಗ್ಗು:
ಇಲ್ಲ. 1802ರ ಜನವರಿ 1ರಂದು ಜೆಫರ್ಸನ್ ಕನೆಕ್ಟಿಕಟ್‌ನ ಡ್ಯಾನ್‌ಬರಿ ಬ್ಯಾಪ್ಟಿಸ್ಟರಿಗೆ ಬರೆದ ಉತ್ತರದಲ್ಲಿ ಇರೋದು. ಅಲ್ಲಿ ಸರ್ಕಾರಿ ಚರ್ಚು ಬೇರೆ, ಬ್ಯಾಪ್ಟಿಸ್ಟರು ಅಲ್ಪಸಂಖ್ಯಾತರು. ಅದೇ ದಿನ ಮ್ಯಾಸಚೂಸೆಟ್ಸ್‌ನ ಚೆಷೈರ್ ಊರಿನ ಬ್ಯಾಪ್ಟಿಸ್ಟ್ ಬೋಧಕ ಜಾನ್ ಲೀಲ್ಯಾಂಡ್ 1,235 ಪೌಂಡ್ ತೂಕದ ಗಾಲಿಯಾಕಾರದ ಚೀಸನ್ನು ಜೆಫರ್ಸನ್‌ಗೆ ತಲುಪಿಸಿದರು. ಅಷ್ಟು ದೊಡ್ಡ ಅಚ್ಚು ಸಿಗದೆ ಸೇಬಿನ ರಸ ಹಿಂಡುವ ಯಂತ್ರದಲ್ಲಿ ಒತ್ತಿದ್ದು. ಗುಲಾಮರ ದುಡಿಮೆ ಇಲ್ಲದೆ ಮಾಡಿದ್ದು ಅಂತ ಹೇಳಿಯೇ ಕೊಟ್ಟರು. ಎರಡು ದಿನ ಬಿಟ್ಟು ಲೀಲ್ಯಾಂಡ್ ಕಾಂಗ್ರೆಸ್ ಸಭಾಂಗಣದಲ್ಲೇ ಭಾನುವಾರದ ಬೋಧನೆ ಮಾಡಿದರು, ಜೆಫರ್ಸನ್ ಹೋಗಿ ಕೂತು ಕೇಳಿದರು. ಗೋಡೆ ಅಂದವರೂ ಅವರೇ, ಸರ್ಕಾರಿ ಕಟ್ಟಡದಲ್ಲಿ ಪ್ರಾರ್ಥನೆಗೆ ಹೋದವರೂ ಅವರೇ.

ಗುಲಾಮರ ಮಾತು ಬಂದಿದ್ದಕ್ಕೆ ಹೇಳ್ತೀನಿ, ಸ್ಥಾಪಕರ ಪಟ್ಟಿಯಲ್ಲಿ ರಿಚರ್ಡ್ ಆಲನ್ ಹೆಸರು ಇರಲೇಬೇಕು. ಗುಲಾಮನಾಗಿ ಹುಟ್ಟಿ, ದುಡಿದು ತನ್ನ ಬಿಡುಗಡೆ ತಾನೇ ಕೊಂಡುಕೊಂಡು, 1794ರಲ್ಲಿ ಫಿಲಡೆಲ್ಫಿಯಾದಲ್ಲಿ ಬೆಥೆಲ್ ಚರ್ಚ್ ಕಟ್ಟಿದರು, 1816ರಲ್ಲಿ ಆಫ್ರಿಕನ್ ಮೆಥಡಿಸ್ಟ್ ಎಪಿಸ್ಕೋಪಲ್ ಚರ್ಚಿನ ಮೊದಲ ಬಿಷಪ್ ಆದರು. ಕ್ರೈಸ್ತ ಪರಂಪರೆ ಅಂತ ಮಾತಾಡುವಾಗ ಬಿಳಿಯರ ಭಾವಚಿತ್ರ ಮಾತ್ರ ಹಾಕೋದು ನನಗೆ ಸಹಿಸೋಕಾಗಲ್ಲ.

ತುಂಗಾತೀರ:
ಎಲ್ಲರಿಗೂ ಧನ್ಯವಾದ. ಕೊನೆಯದೊಂದು: ಡಾಲರ್ ನೋಟಿನ ಮೇಲಿನ 'ದೇವರಲ್ಲಿ ನಮ್ಮ ನಂಬಿಕೆ' ವಾಷಿಂಗ್ಟನ್ ಕಾಲದ್ದಾ?

ಸಹ್ಯಾದ್ರಿ_ಓದು:
ಅಲ್ಲ. ಅಂತರ್ಯುದ್ಧದ ಸಮಯದಲ್ಲಿ, 1864ರ ಎರಡು ಸೆಂಟ್ ನಾಣ್ಯದ ಮೇಲೆ ಮೊದಲು ಬಂತು. ರಾಷ್ಟ್ರದ ಧ್ಯೇಯವಾಕ್ಯ ಆಗಿದ್ದು 1956ರಲ್ಲಿ, ಕಾಗದದ ನೋಟಿಗೆ ಬಂದದ್ದು 1957ರಿಂದ. ಶಾಲೆಗಳಲ್ಲಿ ಹೇಳುವ ಧ್ವಜವಂದನೆಗೆ 'ದೇವರಡಿಯಲ್ಲಿ' ಸೇರಿಸಿದ್ದು 1954ರಲ್ಲಿ. ಶೀತಲ ಸಮರ ಜೋರಾಗಿದ್ದ ಕಾಲ, ಸೋವಿಯತ್ತರ ನಾಸ್ತಿಕತೆಗೆ ಎದುರಾಗಿ.